ಆರನೆಯ ಸರಳಿನ ನೆರಳು

ಚಿತ್ರಶಾಲೆಯ ಉತ್ತರದ ಹಜಾರದಲ್ಲಿ ‘ಕಿಟಕಿಯ ಹೆಂಗಸು’ ಎಂಬ ಹಳೆಯ ಚಿತ್ರವೊಂದಿದೆ. ಹೆಂಗಸೊಬ್ಬಳು ಬೆನ್ನನ್ನು ಅರೆ ತಿರುಗಿಸಿ ಕಿಟಕಿಯ ಬಳಿ ನಿಂತಿದ್ದಾಳೆ; ಕೈಯಲ್ಲಿ ಬೀಗದಕೈ ಗೊಂಚಲು. ಕಿಟಕಿಗೆ ಐದು ಸರಳು. ಆದರೆ ನೆಲಕ್ಕೆ ಬಿದ್ದ ಬಿಸಿಲಿನಲ್ಲಿ ನೆರಳುಗಳು ಆರು. ಈ ಲೇಖಕ ಒಮ್ಮೆ ತನ್ನ ಭಾವಮೈದುನನ ಸಂಸಾರವನ್ನು ಅದರೆದುರು ಸಾಲಾಗಿ ನಿಲ್ಲಿಸಿ, ಇಲ್ಲದ ಸರಳಿಗೆ ನೆರಳು ಬರೆದ ಆ ಹಿರಿಯ ಕಲಾವಿದನ ಪ್ರತಿಭೆಯ ಮೇಲೆ ಒಂದು ಉಪನ್ಯಾಸ ಬಿಗಿದ. ಕಾಣುವ ಬಂಧನ ಐದು, ಕಾಣದ ಬಂಧನ ಒಂದು, ಆ ಒಂದೇ ಎಲ್ಲಕ್ಕಿಂತ ಗಟ್ಟಿ, ಇತ್ಯಾದಿ. ಭಾವಮೈದುನ ನಿದ್ದೆಗಣ್ಣಿನಲ್ಲೇ ತಲೆದೂಗಿದ. ಆಗ ಮೂಲೆಯ ಸ್ಟೂಲಿನ ಮೇಲೆ, ಕನ್ನಡಕವನ್ನು ನೆತ್ತಿಗೇರಿಸಿ ಕೂತಿದ್ದ ಹೆಂಗಸೊಬ್ಬಳು ಯಾರೂ ಕೇಳದೆಯೇ “ಅದು ತಪ್ಪು” ಅಂದಳು.

ಕಲೆಯ ಗಂಧಗಾಳಿ ಇಲ್ಲದ ಕಾವಲಿನಾಕೆ ಇವಳು ಎಂದುಕೊಂಡ ಲೇಖಕ ತನ್ನ ವಾದಕ್ಕೆ ಇನ್ನೆರಡು ಆಧಾರ ಒದಗಿಸಿದ.

“ನಿಮ್ಮ ಮಾತಲ್ಲ ಸ್ವಾಮಿ, ಆ ನೆರಳು ತಪ್ಪು,” ಅಂದಳು ಅವಳು. “ನಿಮ್ಮ ಮಾತೂ ತಪ್ಪೇ. ಅದು ಬೇರೆ ವಿಷಯ.”

ಅವಳು ಕಾವಲಿನಾಕೆ ಅಲ್ಲವೇ ಅಲ್ಲ. ಆ ನೆರಳನ್ನು ಬರೆದವಳೇ ಅವಳು. ಚಿತ್ರಶಾಲೆಯ ಕಸ ಗುಡಿಸುವವನಿಂದ ಹಿಡಿದು ಟಿಕೆಟ್ ಹರಿಯುವವಳವರೆಗೆ ಎಲ್ಲರೂ ಅವಳನ್ನು ಕರೆಯುವುದು ನಕಲಕ್ಕ ಎಂದು. ಅವಳು ಏನು ಬರೆದಳು, ಯಾಕೆ ಬರೆದಳು, ಬರೆದದ್ದನ್ನು ಅಳಿಸದೆ ಯಾಕೆ ಅದರೆದುರು ಸ್ಟೂಲು ಹಾಕಿಕೊಂಡು ಕೂತಿದ್ದಾಳೆ ಎಂಬುದು ಆಮೇಲೆ ಕಂತುಕಂತಾಗಿ ತಿಳಿದದ್ದು.

ನಕಲಕ್ಕನ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಅಕ್ಷರದ ಹೊರಗೆರೆ ಅಪ್ಪನದು, ಒಳಗೆ ಬಣ್ಣ ತುಂಬುವುದು ಮಗಳದು. ಹುಟ್ಟಿನಿಂದಲೇ ಅವಳಿಗೆ ಒಂದು ಗುಣ, ಅಥವಾ ಒಂದು ರೋಗ: ಕಣ್ಣಿಗೆ ಬಿದ್ದದ್ದು ಕೈಯಲ್ಲಿ ಹಾಗೆಹಾಗೆಯೇ ಇಳಿಯುತ್ತಿತ್ತು. ಒಮ್ಮೆ ಬೀದಿಯ ಈಚೆಯ ದರ್ಜಿಗೆ ಆಚೆಯ ದರ್ಜಿಯ ಬೋರ್ಡಿನಂಥದ್ದೇ ಬೋರ್ಡು ಬರೆದುಕೊಟ್ಟಳು. ಆಚೆ ಅಳತೆ ಕೊಟ್ಟವರು ಈಚೆ ಬಂದು ಬಟ್ಟೆ ಕೇಳತೊಡಗಿ, ಕೊನೆಗೆ ಇಬ್ಬರೂ ದರ್ಜಿಗಳು ಕತ್ತರಿ ಹಿಡಿದು ಬೀದಿಗಿಳಿದರು. ಅಪ್ಪ ಮಗಳ ಕಿವಿ ಹಿಂಡಿದ. ಹಿಂಡುವಾಗಲೂ ಅವನ ಮುಖದಲ್ಲಿ ಹೆಮ್ಮೆ ಇತ್ತು ಎಂದು ಅವಳು ಇಂದಿಗೂ ಹೇಳುತ್ತಾಳೆ. ತನ್ನನ್ನು ತಾನು ಮೆಚ್ಚಿಕೊಳ್ಳುವ ವಿಷಯದಲ್ಲಿ ನಕಲಕ್ಕ ಎಂದೂ ಜಿಪುಣತನ ತೋರಿದವಳಲ್ಲ.

ಈ ಸುದ್ದಿ ಚಿತ್ರಶಾಲೆಯ ಹಳೆಯ ನಿರ್ದೇಶಕರ ಕಿವಿಗೆ ಬಿತ್ತು. ಸಣಕಲು ಮನುಷ್ಯ, ಕೆಮ್ಮಿನ ಮಧ್ಯೆ ಮಾತಾಡುವವರು. ಚಿತ್ರಗಳು ಆಗಾಗ ದುರಸ್ತಿಗೋ ಬೇರೆ ಊರಿನ ಪ್ರದರ್ಶನಕ್ಕೋ ಹೋಗುತ್ತವೆ. ಹೋದಾಗ ಗೋಡೆ ಹಲ್ಲು ಬಿದ್ದ ಬಾಯಿಯಂತೆ ಕಾಣಬಾರದು. ಅಲ್ಲಿಯವರೆಗೆ ನೇತುಹಾಕಲು ಒಂದು ನಕಲು ಬೇಕು. ಅದಕ್ಕೆ ಅವಳನ್ನು ಕೆಲಸಕ್ಕೆ ತೆಗೆದುಕೊಂಡರು. ಮೊದಲ ದಿನವೇ ಒಂದು ನಿಯಮ ಹೇಳಿದರು.

“ನೋಡಮ್ಮಾ, ಪ್ರತಿ ನಕಲಿನಲ್ಲೂ ಬೇಕೂಂತಲೇ ಒಂದು ತಪ್ಪು ಮಾಡ್ಬೇಕು. ಒಂದೇ ಒಂದು. ಅದು ನಿನಗೆ ಗೊತ್ತಿರ್ಬೇಕು, ನನಗೆ ಗೊತ್ತಿರ್ಬೇಕು, ಪೆಟ್ಟಿಗೆ ಮಾಡೋನಿಗೆ ಗೊತ್ತಿರ್ಬೇಕು. ನಾಲ್ಕನೆಯವರಿಗೆ ಬೇಡ.”

“ತಪ್ಪಿಲ್ಲದೆ ಬರೆಯೋಕೆ ಬರುತ್ತೆ ಸಾರ್ ನನಗೆ.”

“ಅದು ಗೊತ್ತಿರೋದಕ್ಕೇ ಹೇಳ್ತಿರೋದು. ತಪ್ಪಿಲ್ಲದ ನಕಲು ಅಂದ್ರೆ ಕಳ್ಳನಿಗೆ ನಾವೇ ಮಾಡಿಸಿಕೊಟ್ಟ ಬೀಗದಕೈ.”

ಅವಳಿಗೆ ಮೊದಮೊದಲು ಇದು ಅವಮಾನ ಎನಿಸಿತು. ಆದರೆ ಅಕ್ಕಸಾಲಿಗ ಮೂಗುತಿಯ ಹಿಂಬದಿಗೂ ಮೆರುಗು ಕೊಡುವಂತೆ, ಬರಬರುತ್ತ ಅವಳ ಪ್ರತಿಭೆಯೆಲ್ಲ ತಪ್ಪಿನಲ್ಲೇ ಹೋಗಿ ನಿಂತಿತು. ದೋಣಿಯ ಚಿತ್ರದಲ್ಲಿ ಅಂಬಿಗನ ಕೈಯಲ್ಲಿ ಎರಡು ಹುಟ್ಟು, ನೀರಿನ ಪ್ರತಿಬಿಂಬದಲ್ಲಿ ಮೂರು. ಹಣ್ಣಿನ ತಟ್ಟೆಯಲ್ಲಿ ಒಂದು ಹಣ್ಣಿನ ನೆರಳು ದೀಪದ ಕಡೆಗೇ ಬಿದ್ದಿದೆ. ಮೀಸೆಯ ಸೇನಾಪತಿಗೆ ಎರಡೂ ಎಡಗಾಲಿನ ಬೂಟು. ಇದನ್ನು ನೋಡಿದ ಅವಳ ಅತ್ತೆ, “ಪಾಪ, ಇವನು ಯುದ್ಧಕ್ಕೆ ಹೋದನೋ, ಒಂದೇ ಕಡೆ ಸುತ್ತಿ ಸುತ್ತಿ ಮನೆಗೇ ಬಂದನೋ!” ಅಂದಿದ್ದಳು. ವರ್ಷಾನುಗಟ್ಟಲೆ ಯಾವ ಪ್ರೇಕ್ಷಕನೂ ಒಂದು ತಪ್ಪನ್ನೂ ಹಿಡಿಯಲಿಲ್ಲ. ಹಿಡಿದಿಲ್ಲವಲ್ಲ ಎಂದು ನಕಲಕ್ಕನಿಗೆ ಸಂತೋಷವೂ ಇತ್ತು, ಒಳಗೊಳಗೇ ಉರಿಯೂ ಇತ್ತು.

ಅತ್ತೆಯ ಮಾತು ಬಂದದ್ದರಿಂದ ಮನೆಯ ವಿಷಯ. ಪೆಟ್ಟಿಗೆ ಮಾಡುವವನನ್ನೇ ಅವಳು ಮದುವೆಯಾದಳು. ಚಿತ್ರಶಾಲೆಯ ಬಡಗಿ, ಚೌಕಟ್ಟು ಕಟ್ಟುವುದು, ಹೊರಗೆ ಹೋಗುವ ಚಿತ್ರಗಳಿಗೆ ಮರದ ಪೆಟ್ಟಿಗೆ ಮಾಡುವುದು ಅವನ ಕೆಲಸ. ಬಾಯಲ್ಲಿ ಸದಾ ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಿದ್ದುದರಿಂದ ಮಾತು ಕಡಿಮೆ. ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗಲೂ ಮೊಳೆ ತೆಗೆಯದೆ “ಹೂಂ” ಅಂದಿದ್ದನಂತೆ. ಕಟ್ಟಡದ ಹಿಂದೆ, ಕಾರ್ಯಾಗಾರದ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಮನೆ. ಒಂದರಲ್ಲಿ ಗಂಡ ಹೆಂಡತಿ, ಇನ್ನೊಂದರಲ್ಲಿ ಅಡುಗೆಯ ಒಲೆ, ಒಣಗುತ್ತಿರುವ ನಕಲುಗಳು ಮತ್ತು ಅತ್ತೆ. ಸೊಸೆಯ ಉದ್ಯೋಗ ಅತ್ತೆಗೆ ಕಡೆಯವರೆಗೂ ಅರ್ಥವಾಗಲಿಲ್ಲ. “ಬರೆದಿರೋದನ್ನೇ ಬರೆಯೋಕೆ ಸಂಬಳ ಕೊಡ್ತಾರೆ ಅಂದ್ರೆ, ನಾನು ಬೇಯಿಸಿದ್ದನ್ನೇ ಮತ್ತೆ ಬೇಯಿಸ್ತೀನಿ, ನನಗೂ ಕೊಡ್ಲಿ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಹಳೆಯ ನಿರ್ದೇಶಕರು ಕೆಮ್ಮುತ್ತ ಕೆಮ್ಮುತ್ತಲೇ ತೀರಿಕೊಂಡರು. ಹೊಸಬ ಬಂದ.

ಹೊಸ ನಿರ್ದೇಶಕನ ಬೂಟು ಸದ್ದು ಮಾಡುತ್ತಿರಲಿಲ್ಲ. ಹಜಾರದ ಮರದ ನೆಲ ಬೆಕ್ಕು ನಡೆದರೂ ಕಿರುಗುಡುವಂಥದ್ದು. ಇವನು ನಡೆದರೆ ಮಾತ್ರ ಸುಮ್ಮನಿರುತ್ತಿತ್ತು. ತಿರುಗಿ ನೋಡಿದರೆ ಹಿಂದೆ ನಿಂತಿರುತ್ತಿದ್ದ, ನಗುತ್ತ. ಚಿತ್ರಶಾಲೆ ಎಂಬ ಪದ ಅವನಿಗೆ ಹಿಡಿಸಲಿಲ್ಲ. ‘ಅನುಭವ ಕೇಂದ್ರ’ ಎಂದು ಬಾಗಿಲಿಗೆ ಬರೆಸಿದ. ಯಾವ ಚಿತ್ರವನ್ನು ತೋರಿಸುವಾಗಲೂ ಕರವಸ್ತ್ರದ ತುದಿಯನ್ನು ನಾಲಗೆಗೆ ತಾಗಿಸಿ, ಚಿತ್ರದ ಮೂಲೆಯನ್ನು ಮೆಲ್ಲಗೆ ಉಜ್ಜಿ, ಬಟ್ಟೆಯನ್ನು ಬೆಳಕಿಗೆ ಹಿಡಿದು “ಹ್ಮ್” ಅನ್ನುತ್ತಿದ್ದ. ಅತಿಥಿಗಳು ಆ ‘ಹ್ಮ್’ ಕೇಳಿ ಮೂಕರಾಗುತ್ತಿದ್ದರು. ಕರವಸ್ತ್ರದಲ್ಲಿ ಅವನಿಗೆ ಏನು ಕಾಣುತ್ತಿತ್ತೋ ದೇವರೇ ಬಲ್ಲ.

ಮೊದಲು ಹಳೆಯ ಕಾವಲುಗಾರರು ಹೋದರು. ಅವರ ಜಾಗಕ್ಕೆ ಮೂಲೆಮೂಲೆಯಲ್ಲಿ ಕ್ಯಾಮೆರಾ ಬಂತು. ಕೆಂಪು ದೀಪ ಮಿನುಗುತ್ತಿತ್ತು, ಆದರೆ ಅದರ ತಂತಿ ಗೋಡೆಯ ಹಿಂದೆ ಎಲ್ಲಿಗೂ ಹೋಗಿ ಸೇರಿರಲಿಲ್ಲ ಎಂಬುದನ್ನು ಗೋಡೆಗೆ ರಂಧ್ರ ಕೊರೆದ ಬಡಗಿ ನೋಡಿದ್ದ. ಆಮೇಲೆ ಖರ್ಚು ಉಳಿಸಲು ಹಜಾರದ ದೀಪಗಳು ಒಂದೊಂದಾಗಿ ಆರಿದವು. ಆಮೇಲೆ ಚಿತ್ರಗಳು ‘ಚಿಕಿತ್ಸೆ’ಗೆ ಹೊರಟವು. ಮೊದಲು ಹಣ್ಣಿನ ತಟ್ಟೆ. ಅದು ಬರುವ ಮೊದಲೇ ದೋಣಿ. ದೋಣಿ ಬರುವ ಮೊದಲೇ ಸೇನಾಪತಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು, ನಕಲಕ್ಕ ತಾನೂ ಮುಚ್ಚಿಡುವುದಿಲ್ಲ. ಆ ದಿನಗಳಲ್ಲಿ ಅವಳು ಸುಖವಾಗಿದ್ದಳು. ಮೊದಲೆಲ್ಲ ಅವಳ ನಕಲು ಸ್ವಲ್ಪ ದಿನ ಗೋಡೆಯಲ್ಲಿದ್ದು ಅಟ್ಟಕ್ಕೆ ಹೋಗುತ್ತಿತ್ತು. ಈಗ ಅಲ್ಲೇ ಉಳಿಯತೊಡಗಿತು. ಬೆಳಗ್ಗೆ ಎದ್ದು ಹಜಾರದಲ್ಲಿ ಒಂದು ಸುತ್ತು ಹಾಕಿದರೆ ಇದು ನನ್ನದು, ಅದು ನನ್ನದು. ಜನ ಅವಳ ಸೇನಾಪತಿಯ ಎದುರು ನಿಂತು ಕೈಮುಗಿಯುತ್ತಿದ್ದರು. ಹೊಗಳಿಕೆಯ ಹಸಿವಿದ್ದವರ ಮೂಗಿಗೆ ಹೊಗೆಯ ವಾಸನೆ ತಡವಾಗಿ ಬಡಿಯುತ್ತದೆ.

ಮೊದಲು ಬಡಿದದ್ದು ಬಡಗಿಗೆ. ಒಂದು ಮಧ್ಯಾಹ್ನ ಊಟಕ್ಕೆ ಕೂತವನು, ಯಾವತ್ತೂ ಇಲ್ಲದೆ, ತಾನಾಗಿ ಮಾತೆತ್ತಿದ.

“ಸೇನಾಪತಿ ಪೆಟ್ಟಿಗೆಗೆ ಮೊಳೆ ಹೊಡೆಸಿದ್ರು.”

“ಹೊಡೆದ್ರೆ ಏನಂತೆ?”

“ವಾಪಸ್ ಬರೋ ಪೆಟ್ಟಿಗೆಗೆ ತಿರುಪು ಹಾಕ್ತೀವಿ. ಬಿಚ್ಚಬೇಕಲ್ಲ, ಮತ್ತೆ ಅದರಲ್ಲೇ ತುಂಬಿ ಕಳಿಸ್ಬೇಕಲ್ಲ. ಮೊಳೆ ಹೊಡೆದ್ರೆ ಒಡೆದೇ ತೆಗೀಬೇಕು.”

“ತಿರುಪು ಮುಗಿದಿರ್ಬೇಕು.”

“ಡಬ್ಬಿ ತುಂಬಾ ಇದೆ,” ಅಂದ ಬಡಗಿ. “ದೋಣಿಗೂ ಮೊಳೆ. ಹಣ್ಣಿಗೂ ಮೊಳೆ.”

ಅತ್ತೆ ಒಲೆಯ ಪಕ್ಕದಿಂದ, “ಹೆಣದ ಪೆಟ್ಟಿಗೆಗೂ ಮೊಳೇನೇ ಹೊಡಿಯೋದು,” ಅಂದಳು. ನಕಲಕ್ಕನ ತುತ್ತು ಕೈಯಲ್ಲೇ ಉಳಿಯಿತು.

ಅದಾದ ಕೆಲವೇ ದಿನಕ್ಕೆ ನಿರ್ದೇಶಕ ಕಾರ್ಯಾಗಾರಕ್ಕೆ ಬಂದ. ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಕುಂಚ ತೊಳೆಯುತ್ತಿದ್ದ ನೀರಿನಲ್ಲಿ ಅವನ ನಗು ಕಂಡಿತು. ಅವನ ಕೈಯಲ್ಲಿ ಸುರುಳಿ ಸುತ್ತಿದ ಹಳೆಯ ಕ್ಯಾನ್ವಾಸ್ ಇತ್ತು. ಉಗ್ರಾಣದಲ್ಲಿ ಬಿದ್ದಿದ್ದ, ಅದೇ ಕಾಲದ ಯಾವುದೋ ಹಾಳು ಚಿತ್ರದ್ದು. ಬಣ್ಣ ಕೆರೆದು ತೆಗೆಸಿದ್ದ.

“ಈ ಸಲ ಕಿಟಕಿಯ ಹೆಂಗಸು, ಮೇಡಂ,” ಅಂದ. “ಇದರ ಮೇಲೇ ಬರೀರಿ. ಮತ್ತೆ... ಈ ಸಲ ಆ ಹಳೇ ತಮಾಷೆ ಬೇಡ. ತಪ್ಪು ಬೇಡ.”

ಚಿತ್ರಶಾಲೆಗೆ ಕಿಟಕಿಯ ಹೆಂಗಸು ಎಂದರೆ ಮನೆಗೆ ಹಿರಿಯಜ್ಜಿ ಇದ್ದಂತೆ. ಅದನ್ನು ನೋಡಲೆಂದೇ ಜನ ಬರುವುದು. ಅದು ಗೋಡೆ ಬಿಟ್ಟು ಇಳಿದದ್ದೇ ಇಲ್ಲ.

“ನಿಯಮ ಇದೆಯಲ್ಲ ಸಾರ್.”

“ನಿಯಮ ಸಾಮಾನ್ಯ ಕೈಗಳಿಗೆ. ನಿಮ್ಮಂಥ ಕೈಗೆ ತಪ್ಪು ಮಾಡು ಅನ್ನೋದು ಪಾಪ ಅಲ್ವಾ? ಒಂದು ಸಲ ನಿಜವಾಗಿ ಬರೆದು ತೋರಿಸಿ.”

ಈ ಮಾತನ್ನು ಅವಳು ಇಷ್ಟು ವರ್ಷ ಯಾರ ಬಾಯಿಂದಾದರೂ ಕೇಳಲು ಕಾದಿದ್ದಳು. ಕೊನೆಗೆ ಕೇಳಿದ್ದು ಈ ಬಾಯಿಂದ.

“ಬರೀದಿದ್ರೆ?”

ಅವನು ಕಿಟಕಿಯಾಚೆ ಅವರ ಮನೆಯ ಕಡೆ ನೋಡಿದ. ಒಣಹಾಕಿದ ಅತ್ತೆಯ ಬಟ್ಟೆ ಹಗ್ಗದ ಮೇಲೆ ಅಲ್ಲಾಡುತ್ತಿತ್ತು. “ಆ ಕೋಣೆಗಳು ಖಾಲಿ ಬೇಕು ಅಂತ ಕಮಿಟಿಯವರು ಕೇಳ್ತಾನೇ ಇದ್ದಾರೆ. ನಾನು ತಡೀತಾ ಇದ್ದೀನಿ. ಮತ್ತೆ ಇನ್ನೊಂದು ವಿಷಯ ನೀವು ಯೋಚನೆ ಮಾಡಿದ್ದೀರೋ ಇಲ್ವೋ, ಗೋಡೆ ಮೇಲೆ ಈಗ ಇರೋದೆಲ್ಲ ನಿಮ್ಮ ಕೈದು. ನಾಳೆ ಯಾರಾದ್ರೂ ಕೇಳಿದ್ರೆ, ಮೊದಲು ಕೇಳೋದು ಕೈ ಯಾರದ್ದು ಅಂತ.” ಅವಳ ಕೈಯನ್ನೇ ನೋಡುತ್ತ ಹೇಳಿದ. ಹೊರಟಾಗ ನೆಲ ಕಿರುಗುಡಲಿಲ್ಲ.

“ಹೇಳಿಬಿಡೋಣ,” ಅಂದ ಬಡಗಿ ಆ ಸಂಜೆ.

“ಯಾರಿಗೆ? ಕಮಿಟಿಯವರಿಗಾ? ವಾರಕ್ಕೊಮ್ಮೆ ಇವನ ಮನೇಲೇ ಅವರ ಊಟ. ಬೇಲಿಗೆ ದೂರು ಕೊಡೋದಾ, ಹೊಲ ಮೇಯ್ತಿರೋದು ಬೇಲಿನೇ ಅಂತ?”

ಬಡಗಿ ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡ. ಅವಳು ಬರೆಯಲು ಕೂತಳು.

ಕಿಟಕಿಯ ಹೆಂಗಸನ್ನು ಗೋಡೆಯಿಂದ ಇಳಿಸಿ ಕಾರ್ಯಾಗಾರಕ್ಕೆ ತಂದಿದ್ದರು. ಹಜಾರದಲ್ಲಿ ಅವಳಿದ್ದ ಜಾಗದಲ್ಲಿ ಗೋಡೆಯ ಬಣ್ಣ ಉಳಿದ ಕಡೆಗಿಂತ ತಿಳಿಯಾಗಿ, ಒಂದು ಬೆಳ್ಳನೆಯ ಬಾಗಿಲಿನಂತೆ ಕಾಣುತ್ತಿತ್ತು. ಜನ ಅದರೆದುರೂ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ಇಲ್ಲಿ ಒಳಗೆ, ಅಸಲು ಒಂದು ಕಡೆ, ಹಳೆಯ ಕ್ಯಾನ್ವಾಸ್ ಒಂದು ಕಡೆ, ನಡುವೆ ನಕಲಕ್ಕ. ಆ ಹೆಂಗಸಿನ ಹೆಗಲು, ಕಿವಿಯ ಹಿಂದೆ ಬಿಚ್ಚಿಬಿದ್ದ ಕೂದಲು, ಗೊಂಚಲಿನಲ್ಲಿ ಬೆಳಕು ತಾಗಿದ ಒಂದೇ ಒಂದು ಬೀಗದಕೈ. ಬರೆಯುತ್ತ ಬರೆಯುತ್ತ ನಕಲಕ್ಕನಿಗೆ ಭಯವೂ ಮರೆತುಹೋಗುತ್ತಿತ್ತು. ಯಾವ ತಪ್ಪನ್ನೂ ಯೋಚಿಸಬೇಕಾಗಿಲ್ಲದ ಕೈ ಮೊದಲ ಸಲ ಓಡಿತು, ಬೇಲಿ ಕಿತ್ತ ಕರುವಿನಂತೆ. ಮುಗಿದಾಗ ಅವಳು ಹಿಂದೆ ಸರಿದು ಎರಡನ್ನೂ ನೋಡಿದಳು. ತಾನು ಬರೆದದ್ದು ಯಾವುದು ಎಂದು ಅರೆಕ್ಷಣ ಅವಳಿಗೇ ಗೊತ್ತಾಗಲಿಲ್ಲ.

ಆ ಅರೆಕ್ಷಣದಲ್ಲಿ ಅವಳಿಗೆ ಎಲ್ಲ ಗೊತ್ತಾಯಿತು. ದೋಣಿ ಬರುವುದಿಲ್ಲ. ಹಣ್ಣು ಬರುವುದಿಲ್ಲ. ಸೇನಾಪತಿ ಯಾರದೋ ಊಟದ ಕೋಣೆಯಲ್ಲಿ ಎರಡು ಸರಿಯಾದ ಬೂಟು ಹಾಕಿಕೊಂಡು ನಿಂತಿದ್ದಾನೆ, ಇನ್ನೆಂದೂ ಬರುವುದಿಲ್ಲ. ತಾನು ಗೋಡೆಯಲ್ಲಿ ತನ್ನನ್ನೇ ನೋಡಿಕೊಂಡು ಹಿಗ್ಗುತ್ತಿದ್ದಾಗ ಅವೆಲ್ಲ ಹಿಂಬಾಗಿಲಿನಿಂದ ಹೋದವು. ಈಗ ಇವಳೂ ಹೋಗುತ್ತಾಳೆ. ಹೋದಳು ಎಂದು ಹೇಳಲು ಒಂದು ತಪ್ಪು ಕೂಡ ಉಳಿಯುವುದಿಲ್ಲ.

ಅವಳು ತೆಳುವಾದ ಕುಂಚ ತೆಗೆದುಕೊಂಡಳು. ಬರೆದ ನಕಲಿನ ಕಡೆ ತಿರುಗಲಿಲ್ಲ. ಅಸಲಿನ ಕಡೆ ತಿರುಗಿದಳು. ಯಾರೂ ಮುಟ್ಟಬಾರದ ಆ ಚಿತ್ರದಲ್ಲಿ, ಐದು ನೆರಳುಗಳ ಪಕ್ಕ, ಬಿಸಿಲಿನ ನೆಲದ ಮೇಲೆ, ಆರನೆಯ ನೆರಳೆಳೆದಳು.

ನೀರಿನ ಬಣ್ಣದಲ್ಲಿ ಎಳೆದಿದ್ದರೆ ಮುಂದೆ ಒದ್ದೆ ಹತ್ತಿಯಲ್ಲಿ ಒರೆಸಬಹುದಿತ್ತು. ಆದರೆ ನಿರ್ದೇಶಕನ ಎಂಜಲಿನ ಕರವಸ್ತ್ರವಿತ್ತಲ್ಲ! ಎಣ್ಣೆಯ ಬಣ್ಣವೇ ಬೇಕಾಯಿತು. ಅದು ಹಸಿಯಿರುವಾಗ ಬಿಡುತ್ತದೆ, ಆರುತ್ತ ಆರುತ್ತ ಕೆಳಗಿನ ಬಣ್ಣವನ್ನು ಕಚ್ಚಿ ಹಿಡಿಯುತ್ತದೆ. ಕಚ್ಚಿದ ಮೇಲೆ ಕಿತ್ತರೆ ನೆಲವನ್ನೂ ಕಿತ್ತುಕೊಂಡೇ ಬರುತ್ತದೆ. ಇದು ಅವಳಿಗೆ ಗೊತ್ತಿತ್ತು. ಎಳೆಯುವಾಗ ಕೈ ನಡುಗಿತು. ಅದಕ್ಕೇ ಆರನೆಯ ನೆರಳು ಉಳಿದವುಗಳಿಗಿಂತ ಒಂದು ಕೂದಲೆಳೆ ಸೊಟ್ಟ. ಆಮೇಲೆ ಪ್ರಯಾಣದ ದೂಳಿಗೆ ಎಂದು ಎರಡಕ್ಕೂ ಒಂದೇ ವಾರ್ನಿಷು ಬಳಿದಳು. ಎರಡೂ ಒಂದೇ ವಾಸನೆ ಹೊಡೆಯತೊಡಗಿದವು.

ವಾರ್ನಿಷು ಒಣಗಿದ ಮೇಲೆ, ಕಳಿಸುವ ದಿನ, ಬಡಗಿ ಚೌಕಟ್ಟು ತೊಡಿಸಲು ಬಂದ. ಅಸಲಿನ ಹಳೆಯ ಚೌಕಟ್ಟು, ಮಸುಕು ಚಿನ್ನದ್ದು, ಒಂದು ಮೂಲೆ ಇಲಿ ಕಚ್ಚಿದ್ದು. ನಕಲಿಗೆ ಅವನೇ ಕಟ್ಟಿದ ಹೊಸದು. ಹೆಂಡತಿ ಅವನಿಗೆ ಏನೂ ಹೇಳಿರಲಿಲ್ಲ. ಹೇಳಿದರೆ ಅವನೂ ಪಾಲುದಾರನಾಗುತ್ತಾನೆ ಎಂಬ ಭಯ. ಅವನು ಎರಡೂ ಚಿತ್ರಗಳೆದುರು ಬಹಳ ಹೊತ್ತು ನಿಂತ. ನೆರಳುಗಳ ಮೇಲೆ ಅವನ ಕಣ್ಣು ಹೋಯಿತು, ಬಂತು. ಹೆಂಡತಿಯ ಮುಖ ನೋಡಿದ. ಬಾಯಲ್ಲಿ ಮೊಳೆ. ನಂತರ ಇಲಿ ಕಚ್ಚಿದ ಚೌಕಟ್ಟನ್ನು ಎತ್ತಿ, ಏನೂ ಆಗದವನಂತೆ, ತಪ್ಪಿಲ್ಲದ ಚಿತ್ರಕ್ಕೆ ತೊಡಿಸಿದ. ಹೊಸ ಚೌಕಟ್ಟನ್ನು ಆರು ನೆರಳಿನದಕ್ಕೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅವತ್ತೇ ಅವನು ತನ್ನ ಹತ್ತಿರ ಹೆಚ್ಚು ಮಾತಾಡಿದ್ದು ಎನ್ನುತ್ತಾಳೆ ನಕಲಕ್ಕ.

ನಿರ್ದೇಶಕ ಬಂದ. ಹೊರಗೆ ವಾಹನದ ಎಂಜಿನ್ ಓಡುತ್ತಲೇ ಇತ್ತು. ಎರಡರ ಮೂಲೆಗಳನ್ನೂ ಕರವಸ್ತ್ರದಿಂದ ಉಜ್ಜಿ “ಹ್ಮ್” ಅಂದ. ಮತ್ತೆ ಬಗ್ಗಿದ. ಅವನ ಬೆರಳು ಗಾಳಿಯಲ್ಲಿ ಎಣಿಸಿತು: ಒಂದು, ಎರಡು, ಮೂರು, ನಾಲ್ಕು, ಐದು. ಪಕ್ಕದ್ದು: ಒಂದು, ಎರಡು, ಮೂರು, ನಾಲ್ಕು, ಐದು... ಬೆರಳು ನಿಂತಿತು.

“ಏನ್ರೀ ಇದು?”

ನಕಲಕ್ಕ ನೆಲ ನೋಡಿದಳು. “ಅಭ್ಯಾಸ ಬಲ ಸಾರ್. ಕೈ ಮಾತು ಕೇಳ್ಲಿಲ್ಲ.”

“ಬೇಡ ಅಂತ ಹೇಳಿದ್ದೆ!”

“ಈಗಲೇ ಕೆರೆದು ಸರಿ ಮಾಡ್ಲಾ? ಒಣಗೋವರೆಗೆ ಗೋಡೆ ಖಾಲಿ ಬಿಡ್ಬೇಕು, ಅಷ್ಟೆ.”

ಹೊರಗೆ ವಾಹನ ಹಾರ್ನ್ ಹೊಡೆಯಿತು. ನಿರ್ದೇಶಕ ಗಡಿಯಾರ ನೋಡಿದ, ನೆರಳು ನೋಡಿದ, ಅವಳನ್ನು ನೋಡಿದ. ಕೊನೆಗೆ ಅವನು ನಕ್ಕ. “ಹೋಗ್ಲಿ ಬಿಡಿ. ನಮ್ಮ ಜನ ನೆರಳು ಎಣಿಸೋದಿಲ್ಲ. ಅದನ್ನ ಗೋಡೆಗೆ ಹಾಕ್ಸಿ. ಇದನ್ನ ತುಂಬಿ.”

ಬಡಗಿ ತಪ್ಪಿಲ್ಲದ ಚಿತ್ರವನ್ನು ಪೆಟ್ಟಿಗೆಗೆ ಇಳಿಸಿದ. ಮೊಳೆ ಹೊಡೆಯತೊಡಗಿದ. ಅವಳು ಬದುಕಿನಲ್ಲಿ ಬರೆದ ಒಂದೇ ಒಂದು ನಿಜವಾದ ಕೆಲಸ ಅದು. ಹಲಗೆಯ ಸಂದಿಯಲ್ಲಿ ಆ ಹೆಗಲು, ಆ ಬೀಗದಕೈ ಕೊನೆಯ ಸಲ ಮಿಂಚಿತು. ಮನೆಯ ಹೊಸ್ತಿಲಲ್ಲಿ ಕೂತ ಅತ್ತೆ ಪ್ರತಿ ಏಟಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ನಕಲಕ್ಕ ಅಲ್ಲಿ ನಿಲ್ಲಲಾರದೆ ಒಳಗೆ ಹೋಗಿ ಕುಂಚ ತೊಳೆದಳು, ತೊಳೆದ ಕುಂಚವನ್ನೇ ಮತ್ತೆ ತೊಳೆದಳು.

ಕಳ್ಳನಿಗೆ ಕಳ್ಳಮಾಲು ಕೊಟ್ಟು ಕಳಿಸಿದ್ದಾಯಿತು, ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಪೆಟ್ಟಿಗೆ ಹೋದದ್ದು ಎಲ್ಲಿಗೋ, ಅದನ್ನು ಒಡೆದು ತೆಗೆದವರು ಯಾರೋ, ಅವರಿಗೆ ತಿಳಿಯುವುದು ಯಾವಾಗಲೋ. ಅದೊಂದು ದಿನ ತಿಳಿಯುತ್ತದೆ ಎಂಬುದು ಮಾತ್ರ ಖಂಡಿತ. ಆರು ನೆರಳಿನ ಚಿತ್ರ ಉತ್ತರದ ಹಜಾರದಲ್ಲಿ ತೂಗುತ್ತಿತ್ತು. ಅವಳು ಅಲ್ಲೊಂದು ಸ್ಟೂಲು ಹಾಕಿಕೊಂಡಳು.

ಒಂದು ದಿನ ಒಳ್ಳೆಯ ಬೂಟು ಹಾಕಿದ ಇಬ್ಬರು ಬಂದರು, ಪೆಟ್ಟಿಗೆ ಕೊಂಡವರ ಕಡೆಯವರಿರಬೇಕು. ಬೇರೆ ಯಾವ ಚಿತ್ರವನ್ನೂ ನೋಡದೆ ನೇರವಾಗಿ ಬಂದು ನಿಂತರು. ಒಬ್ಬ ಬೆರಳು ಎತ್ತಿ ನೆರಳು ಎಣಿಸಿದ. ಜನ ನೆರಳು ಎಣಿಸುವುದಿಲ್ಲ ಎಂದವನು ಯಾರೋ!

“ಇದನ್ನ ಬರೆದದ್ದು ಯಾರು?”

“ನಾನೇ. ನಕಲು ಅದು.”

“ಅಸಲಿ ಎಲ್ಲಿ?”

“ಚಿಕಿತ್ಸೆಗೆ ಹೋಗಿದೆ ಅಂತಾರೆ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ಹೋಗುವಾಗ ಒಬ್ಬ ಅವಳ ಸ್ಟೂಲನ್ನು ಬೂಟಿನ ತುದಿಯಿಂದ ಸ್ವಲ್ಪ ಸರಿಸಿ, ಅಡ್ಡವಿದ್ದಂತೆ, ದಾಟಿಹೋದ. ಅವರು ನಿರ್ದೇಶಕನ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಒಳಗಿಂದ ಒಂದು ಮಾತೂ ಹೊರಗೆ ಬರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು ಎನ್ನುತ್ತಾಳೆ ನಕಲಕ್ಕ.

ಅವರು ಹೋದ ಮೇಲೆ ನಿರ್ದೇಶಕ ಹಜಾರಕ್ಕೆ ಬಂದ. ಅವತ್ತು ಮೊದಲ ಸಲ ಅವನ ಹೆಜ್ಜೆಗೆ ನೆಲ ಕಿರುಗುಟ್ಟಿತು. ಚಿತ್ರದ ಹತ್ತಿರ ಮುಖ ತಂದು, ಆರನೆಯ ನೆರಳಿನ ಸೊಟ್ಟವನ್ನು ಮೇಲಿಂದ ಕೆಳಗೆ ನೋಡಿದ. ಉಳಿದ ಐದನ್ನು ನೋಡಿದ. ನಿಧಾನವಾಗಿ ಅವಳ ಕಡೆ ತಿರುಗಿದ. ಗೊತ್ತಾಗಿತ್ತು. ಇದೇ ಅಸಲು ಎಂದು ಕೂಗುವಂತಿಲ್ಲ. ಕೂಗಿದರೆ ಹಾಗಾದರೆ ಪೆಟ್ಟಿಗೆಯಲ್ಲಿ ಏನು ಕಳಿಸಿದೆ, ಯಾರಿಗೆ ಕಳಿಸಿದೆ ಎಂದು ಕೇಳುತ್ತಾರೆ. ಕೊಂಡವರು ಬಿಡುವುದಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಅತ್ತ ದರಿ, ಇತ್ತ ಪುಲಿ, ನಡುವೆ ಸ್ಟೂಲಿನ ಮೇಲೆ ಒಬ್ಬ ನಕಲಕ್ಕ.

“ಒರೆಸಿಬಿಡಿ ಮೇಡಂ,” ಅಂದ, ಬಹಳ ಮೆಲ್ಲಗೆ. “ನಿಮಗೂ ಆ ಚಿತ್ರದ ಮೇಲೆ ಪ್ರೀತಿ ಇದೆ. ಬಣ್ಣ ದಿನದಿನಕ್ಕೂ ಕಚ್ಚಿಕೊಳ್ತಾ ಇದೆ, ಗೊತ್ತಲ್ಲ? ಇನ್ನು ಸ್ವಲ್ಪ ದಿನ ಹೋದ್ರೆ ಆಗಲ್ಲ.”

ಅದೇ ಅವಳ ಎದೆಯ ಮುಳ್ಳು, ಅವನಿಗೆ ಸರಿಯಾಗಿ ಸಿಕ್ಕಿತ್ತು. ಒರೆಸಿದರೆ ಚಿತ್ರ ಮತ್ತೆ ಮೊದಲಿನ ಚಿತ್ರವಾಗುತ್ತದೆ. ಆಗ ಅದು ಮತ್ತೆ ಮಾರಬಹುದಾದ ಮಾಲು. ಒರೆಸದಿದ್ದರೆ ಉಳಿಯುತ್ತದೆ, ಆದರೆ ತನ್ನ ಕೈಯ ಸೊಟ್ಟ ಗೆರೆಯನ್ನು ಶಾಶ್ವತವಾಗಿ ಮೈಮೇಲೆ ಹೊತ್ತು ಉಳಿಯುತ್ತದೆ. ಚಿತ್ರಶಾಲೆ ಮುಚ್ಚಿದ್ದ ಒಂದು ರಜೆಯ ದಿನ ಅವಳು ಹತ್ತಿ ಮತ್ತು ಟರ್ಪೆಂಟೈನ್ ಹಿಡಿದುಕೊಂಡು ಚಿತ್ರದೆದುರು ಹೋದಳು. ಹತ್ತಿಯನ್ನು ಒದ್ದೆ ಮಾಡಿದಳು. ಎತ್ತಿದ ಕೈ ನೆರಳಿಗೆ ಇನ್ನೇನು ತಾಗಬೇಕು. ಪಕ್ಕದಲ್ಲಿ ಅವಳ ಸೇನಾಪತಿ ಎರಡು ಎಡಬೂಟಿನಲ್ಲಿ ನಿಂತು ನೋಡುತ್ತಿದ್ದ. ಅವಳು ಹತ್ತಿಯನ್ನು ಮುಷ್ಟಿಯಲ್ಲೇ ಹಿಂಡಿ ಮನೆಗೆ ಬಂದಳು. ಅಂಗೈಯೆಲ್ಲ ಉರಿ.

“ಏನಾಯ್ತೇ?” ಅಂದಳು ಅತ್ತೆ.

“ಏನಿಲ್ಲ ಅತ್ತೆ. ಒಂದು ತಪ್ಪು ಸರಿ ಮಾಡೋಕೆ ಹೋಗಿದ್ದೆ. ಮಾಡ್ಲಿಲ್ಲ.”

“ಒಳ್ಳೇದಾಯ್ತು ಬಿಡು. ನಿನ್ನ ಜೀವನದಲ್ಲಿ ಸರಿಯಾಗಿ ಮಾಡಿರೋದು ಅದೊಂದನ್ನೇ.”

ನಿರ್ದೇಶಕನಿಗೆ ಶಿಕ್ಷೆಯಾಯಿತೇ ಎಂದು ಕೇಳುವವರು ಲೋಕಜ್ಞಾನ ಇಲ್ಲದವರು. ಅವನಿಗೆ ಬಡ್ತಿಯಾಯಿತು. ಎಲ್ಲ ಚಿತ್ರಶಾಲೆಗಳ ಮೇಲ್ವಿಚಾರಕನಾಗಿ ಮೇಲೆ ಹೋದ. ಅವನ ನಂತರ ಬಂದವರು ತಮ್ಮ ಕೋಣೆಯಿಂದ ಹೊರಗೆ ಬಂದದ್ದನ್ನು ಯಾರೂ ನೋಡಿಲ್ಲ.

ಹೋದ ಚಳಿಗಾಲದಲ್ಲಿ ಚಿತ್ರಶಾಲೆಯ ದೊಡ್ಡ ಪ್ರದರ್ಶನದ ಉದ್ಘಾಟನೆಗೆ ಅವನು ಮತ್ತೆ ಬಂದ, ಹಿಂದೆ ಅತಿಥಿಗಳ ದಂಡು. ಕಿಟಕಿಯ ಹೆಂಗಸಿನ ಎದುರು ನಿಂತು ಗಂಟಲು ಸರಿಮಾಡಿಕೊಂಡ. “ಈ ಚಿತ್ರದ ಮೇಲೆ ಯಾರೋ ಅಜ್ಞಾನಿಗಳು ಕೈಯಾಡಿಸಿದ ಹಾಗೆ ಕಾಣ್ತಿದೆ. ಹೊರಗೆ ಒಳ್ಳೆ ತಜ್ಞರಿದ್ದಾರೆ. ಇದನ್ನ ಚಿಕಿತ್ಸೆಗೆ ಕಳಿಸೋಣ.” ಅತಿಥಿಗಳು ತಲೆದೂಗಿದರು. ನಕಲಕ್ಕ ಸ್ಟೂಲನ್ನು ಚಿತ್ರದ ಕಡೆಗೆ ಇನ್ನಷ್ಟು ಎಳೆದುಕೊಂಡಳು.

ಆಗ ಗುಂಪಿನ ಹಿಂದೆ, ಏಣಿಯ ಮೇಲೆ ದೀಪ ಕಟ್ಟುತ್ತಿದ್ದ ಬಡಗಿ ಬಾಯಿಂದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗಿದುಕೊಂಡ. ಎಲ್ಲರಿಗೂ ಕೇಳುವಂತೆ ಕೇಳಿದ.

“ಪೆಟ್ಟಿಗೆಗೆ ತಿರುಪು ಹಾಕ್ಲಾ ಸಾರ್, ಮೊಳೆ ಹೊಡೀಲಾ?”

ಅತಿಥಿಗಳಿಗೆ ಏನೂ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವನಿಗೆ ಆಯಿತು. ಕರವಸ್ತ್ರ ತೆಗೆದ, ಈ ಸಲ ಹಣೆ ಒರೆಸಿಕೊಳ್ಳಲು. “ಆಮೇಲೆ ನೋಡೋಣ,” ಅಂದ. ದಂಡು ಮುಂದಿನ ಹಜಾರಕ್ಕೆ ಸರಿಯಿತು. ಹೊಸ್ತಿಲಲ್ಲಿ ಅವನು ಒಮ್ಮೆ ತಿರುಗಿ ನೋಡಿದ, ಚಿತ್ರವನ್ನಲ್ಲ, ಏಣಿಯನ್ನು.

ಆ ‘ಆಮೇಲೆ’ ಇನ್ನೂ ಬಂದಿಲ್ಲ. ಬಂದೇ ಬರುತ್ತದೆ ಎಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತು. ಬಡಗಿ ಈಗ ಏಣಿಯನ್ನು ತಾನೇ ಪರೀಕ್ಷಿಸದೆ ಹತ್ತುವುದಿಲ್ಲ. ಉತ್ತರದ ಹಜಾರದಲ್ಲಿ ಇನ್ನೆರಡು ದೀಪ ಆರಿವೆ. ಬಣ್ಣ ಮಾತ್ರ ಪೂರ್ತಿ ಕಚ್ಚಿಕೊಂಡಿದೆ. ಇನ್ನು ಯಾರ ಹತ್ತಿಗೂ ಅದು ಬಿಡುವುದಿಲ್ಲ, ಕೆರೆದರೆ ಬಿಸಿಲು, ನೆಲ, ಎಲ್ಲ ಒಟ್ಟಿಗೆ ಎದ್ದು ಬರುತ್ತದೆ. ಆದ್ದರಿಂದಲೇ ಈ ಕಥೆಯನ್ನು ಈಗ ಹೇಳಬಹುದು ಎಂದಳು ನಕಲಕ್ಕ. ಹೇಳಿ ಮುಗಿಸಿ ಕನ್ನಡಕವನ್ನು ನೆತ್ತಿಯಿಂದ ಮೂಗಿಗೆ ಇಳಿಸಿಕೊಂಡಳು.

ಕಾಣದ ಬಂಧನದ ಬಗ್ಗೆ ಉಪನ್ಯಾಸ ಮಾಡಿದ್ದ ಲೇಖಕ ಸಾಕಷ್ಟು ಹೊತ್ತು ಗಡ್ಡ ಸವರಿಕೊಂಡು, ತನ್ನ ಘನತೆಗೆ ತಕ್ಕ ಪ್ರಶ್ನೆಯೊಂದನ್ನು ಕೊನೆಗೂ ಹುಡುಕಿ ತೆಗೆದ.

“ಅಲ್ಲಮ್ಮಾ, ತಾತ್ವಿಕವಾಗಿ ನೋಡಿದ್ರೆ, ಈಗ ಇದನ್ನ ಅಸಲು ಅನ್ನೋದೋ ನಕಲು ಅನ್ನೋದೋ?”

ನಕಲಕ್ಕ ಅವನ ಕಡೆ ತಿರುಗಲೂ ಇಲ್ಲ. ಅವಳ ಕಣ್ಣು ಬಾಗಿಲಿನ ಮೇಲಿತ್ತು.

“ಗೋಡೆ ಮೇಲಿದೆಯಲ್ರೀ. ಕಾಣಲ್ವಾ?”